ಕಾರ್ಡ್ ಖಾಲಿ ಮಾಡುವ ಮುನ್ನ

ಹೊಸ ಕ್ಯಾಮೆರಾ ಕೊಂಡವರಿಗೆ ಅಂಗಡಿಯವರು ಜೂಮ್ ತಿರುಗಿಸಿ ತೋರಿಸುತ್ತಾರೆ, ಫ್ಲ್ಯಾಶ್ ಹೊಡೆದು ತೋರಿಸುತ್ತಾರೆ, ಬೇಡ ಬೇಡವೆಂದರೂ ಒಂದು ಬ್ಯಾಗನ್ನೂ ಒಂದು ಟ್ರೈಪಾಡನ್ನೂ ಬಿಲ್ಲಿಗೆ ಸೇರಿಸುತ್ತಾರೆ. ತೆಗೆದ ಫೋಟೊ ಮನೆಯ ಕಂಪ್ಯೂಟರಿಗೆ ಹೋಗುವುದು ಹೇಗೆ ಎಂದು ಕೇಳಿ ನೋಡಿ. ಡಬ್ಬಿಯ ತಳದಲ್ಲಿ ಸುತ್ತಿಟ್ಟ ಕೇಬಲ್ ಕಡೆ ಕೈತೋರಿಸಿ, ‘ಇದನ್ನ ಚುಚ್ಚಿದ್ರೆ ಆಯ್ತು ಸಾರ್, ತಾನೇ ಬರುತ್ತೆ’ ಅನ್ನುತ್ತಾರೆ. ತಾನೇ ಬರುವುದೇನೋ ನಿಜ. ಎಲ್ಲವೂ ಬಂತೇ, ಸರಿಯಾಗಿ ಬಂತೇ, ಬಂದು ಎಲ್ಲಿ ಕೂತಿತು ಎಂಬುದನ್ನು ಮಾತ್ರ ನಾವೇ ನೋಡಿಕೊಳ್ಳಬೇಕು.

ಫೋಟೊ ಕಳೆದುಕೊಂಡವರ ಕಥೆಗಳಲ್ಲಿ ಕ್ಯಾಮೆರಾ ಹೊಳೆಗೆ ಬಿದ್ದದ್ದಿದೆ, ಹಾರ್ಡ್ ಡಿಸ್ಕ್ ಕೈಕೊಟ್ಟದ್ದಿದೆ. ಆದರೆ ನನ್ನ ಕಿವಿಗೆ ಪದೇಪದೇ ಬೀಳುವುದು ಬೇರೆಯೇ ಮಾತು: ‘ಕಾಪಿ ಆಗಿದೆ ಅಂದ್ಕೊಂಡು ಕಾರ್ಡ್ ಫಾರ್ಮ್ಯಾಟ್ ಹೊಡೆದ್ಬಿಟ್ಟೆ.’ ಕ್ಯಾಮೆರಾದಿಂದ ಫೋಟೊ ಇಳಿಸಿಕೊಳ್ಳುವುದೆಂದರೆ ಒಂದೇ ಪ್ರತಿ ಇದ್ದದ್ದನ್ನು ಎರಡು ಮಾಡುವ ಕೆಲಸ. ಇರುವ ಒಂದೇ ಪ್ರತಿಯನ್ನು ಈ ಜಾಗದಿಂದ ಆ ಜಾಗಕ್ಕೆ ಸಾಗಿಸುವ ಕೆಲಸ ಎಂದು ಬಹಳಷ್ಟು ಜನ ತಿಳಿದಿರುವುದರಿಂದಲೇ ಪಜೀತಿ.

ಈ ಸಾಗಾಟದ ತಲೆನೋವು ಡಿಜಿಟಲ್ ಕ್ಯಾಮೆರಾದ ಜೊತೆಗೇ ಹುಟ್ಟಿದ್ದು. 1975ರಲ್ಲಿ ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಜೋಡಿಸಿದ ಮೊದಲ ಡಿಜಿಟಲ್ ಕ್ಯಾಮೆರಾ ಮೂರೂವರೆ ಕಿಲೊಗೂ ಹೆಚ್ಚು ತೂಗುತ್ತಿತ್ತು. ಅಡ್ಡ 100, ಉದ್ದ 100 ಚುಕ್ಕಿಗಳ ಒಂದು ಕಪ್ಪುಬಿಳುಪು ಚಿತ್ರವನ್ನು ಟೇಪ್ ಕ್ಯಾಸೆಟ್ಟಿಗೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಿತ್ತು. ಚಿತ್ರ ನೋಡಬೇಕೆಂದರೆ ಆ ಕ್ಯಾಸೆಟ್ಟನ್ನು ಹೊರತೆಗೆದು ಇನ್ನೊಂದು ಯಂತ್ರಕ್ಕೆ ಹಾಕಬೇಕು. ಆ ಯಂತ್ರ ಟಿವಿ ಪರದೆಯ ಮೇಲೆ ತೋರಿಸುತ್ತಿತ್ತು. 1994ರ ಆ್ಯಪಲ್ ಕ್ವಿಕ್‌ಟೇಕ್ 100 ಕ್ಯಾಮೆರಾದಲ್ಲಿ ಒಳ್ಳೆಯ ಗುಣಮಟ್ಟದ 8 ಚಿತ್ರ ಹಿಡಿಸುತ್ತಿದ್ದವು. ನೋಡಲು ಬೆನ್ನಿಗೆ ಪರದೆಯೂ ಇಲ್ಲ. ಕಂಪ್ಯೂಟರಿಗೆ ಸೀರಿಯಲ್ ಕೇಬಲ್ ಸಿಕ್ಕಿಸಿ ಚಿತ್ರಗಳು ಇಳಿಯುವುದನ್ನು ಕಾಯುತ್ತ ಕೂರಬೇಕಿತ್ತು. 1997ರಲ್ಲಿ ಸೋನಿ ತನ್ನ ಮಾವಿಕಾ ಕ್ಯಾಮೆರಾದ ಹೊಟ್ಟೆಯೊಳಕ್ಕೆ ಸಾಮಾನ್ಯ ಫ್ಲಾಪಿಯನ್ನೇ ತೂರಿಸಿತು. ಫ್ಲಾಪಿ ಹಿಡಿಯುತ್ತಿದ್ದದ್ದು 1.44 ಎಂಬಿ. ಕ್ಯಾಮೆರಾ ದಪ್ಪ, ಚಿತ್ರ ಸಾಧಾರಣ. ಆದರೂ ಜನ ಕೊಂಡರು, ಯಾಕೆಂದರೆ ಫ್ಲಾಪಿ ಎಳೆದು ಕಂಪ್ಯೂಟರಿಗೆ ಹಾಕಿದರೆ ಕೆಲಸ ಮುಗಿಯಿತು. ಮಾವಿಕಾ ಮಾಡಿದವರ ತಲೆಗೆ ಹೊಳೆದದ್ದು ಇವತ್ತಿಗೂ ಸರಿ ಎಂಬುದು ನನ್ನ ಅಭಿಪ್ರಾಯ: ಕ್ಯಾಮೆರಾವನ್ನು ಕಂಪ್ಯೂಟರಿಗೆ ಕಟ್ಟಬೇಡಿ, ಕಾರ್ಡನ್ನು ತೆಗೆದು ಹಾಕಿ.

ಕೇಬಲ್ ಯಾಕೆ ಬೇಡ? ಮೊದಲನೆಯದಾಗಿ, ಕೇಬಲ್ ಹಾಕಿದಾಗ ಕ್ಯಾಮೆರಾ ಚಾಲೂ ಇರಬೇಕು. ಸಾವಿರ ಫೋಟೊ ಅರ್ಧ ಇಳಿದಿರುವಾಗ ಬ್ಯಾಟರಿ ಮುಗಿದರೆ ಯಾವುದು ಬಂತು, ಯಾವುದು ಬಿಟ್ಟಿತು ಎಂದು ಹುಡುಕುತ್ತ ಕೂರಬೇಕು. ಎರಡನೆಯದು, ಕ್ಯಾಮೆರಾಗಳು ಕಂಪ್ಯೂಟರಿನೊಡನೆ ಮಾತಾಡುವ ಬಗೆ ಎರಡು. ಒಂದರಲ್ಲಿ ಕ್ಯಾಮೆರಾ ತಾನೊಂದು ಪೆನ್‌ಡ್ರೈವ್ ಎಂಬಂತೆ ಕಾಣಿಸಿಕೊಳ್ಳುತ್ತದೆ, ಡ್ರೈವ್ ಅಕ್ಷರದ ಸಮೇತ. ಇನ್ನೊಂದು ಪಿಟಿಪಿ ಎಂಬ ವಿಧಾನ. ಅದರಲ್ಲಿ ಕ್ಯಾಮೆರಾ ತನಗೆ ತೋರಿಸಬೇಕೆನಿಸಿದ್ದನ್ನಷ್ಟೇ ತೋರಿಸುತ್ತದೆ, ಕಾರ್ಡಿನ ಎಲ್ಲ ಫೋಲ್ಡರುಗಳೂ ಕಣ್ಣಿಗೆ ಬೀಳುತ್ತವೆಂಬ ಖಾತ್ರಿ ಇಲ್ಲ. ಮೂರನೆಯದು ವೇಗ. ಹಳೆಯ ಕ್ಯಾಮೆರಾಗಳ ಯುಎಸ್‌ಬಿ 2.0 ಕೇಬಲ್ಲಿನಲ್ಲಿ ಕೈಗೆ ಸಿಗುವ ವೇಗ ಸೆಕೆಂಡಿಗೆ 30 ಎಂಬಿ ಆಸುಪಾಸು, ಅದೂ ಅದೃಷ್ಟ ಚೆನ್ನಾಗಿದ್ದರೆ. ತುಂಬಿದ 32 ಜಿಬಿ ಕಾರ್ಡಿಗೆ 18 ನಿಮಿಷ ಹಿಡಿಯುತ್ತದೆ. ಅದೇ ಕಾರ್ಡನ್ನು ಯುಎಸ್‌ಬಿ 3 ರೀಡರಿಗೆ ಹಾಕಿ, ಕಾರ್ಡೂ ಸೆಕೆಂಡಿಗೆ 90 ಎಂಬಿ ಓದುವಂಥದ್ದಾಗಿದ್ದರೆ ಆರು ನಿಮಿಷ. ರೀಡರ್ ಕೆಲವು ನೂರು ರೂಪಾಯಿಯ ವಸ್ತು, ಬೆಂಗಳೂರಿನವರಿಗೆ ಎಸ್.ಪಿ. ರೋಡಿನ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಬೇರೆ ಊರಿನಲ್ಲಿ ಮೊಬೈಲ್ ಬಿಡಿಭಾಗ ಮಾರುವ ಕಡೆಯೂ ಸಿಗುತ್ತದೆ.

ಕೇಬಲ್ಲೇ ಗತಿ ಎನ್ನುವವರು ಒಂದನ್ನು ನೆನಪಿಡಿ. ಮನೆಯ ಡ್ರಾಯರಿನಲ್ಲಿರುವ ಮೈಕ್ರೊ ಯುಎಸ್‌ಬಿ ಕೇಬಲ್ಲುಗಳಲ್ಲಿ ಕೆಲವು ಬರೀ ಚಾರ್ಜಿಂಗಿಗೆ ಮಾಡಿದವು, ಅವುಗಳೊಳಗೆ ಮಾಹಿತಿ ಸಾಗಿಸುವ ತಂತಿಗಳೇ ಇರುವುದಿಲ್ಲ. ಕ್ಯಾಮೆರಾದ ದೀಪ ಹತ್ತುತ್ತದೆ, ಬ್ಯಾಟರಿ ತುಂಬುತ್ತದೆ, ಕಂಪ್ಯೂಟರ್ ಮಾತ್ರ ಏನೂ ಗೊತ್ತಿಲ್ಲದವರ ಹಾಗೆ ಸುಮ್ಮನಿರುತ್ತದೆ. ಕ್ಯಾಮೆರಾ ರಿಪೇರಿಗೆ ಒಯ್ಯುವ ಮೊದಲು ಕೇಬಲ್ ಬದಲಿಸಿ ನೋಡಿ.

ಕಾರ್ಡಿನಲ್ಲೂ ತಲೆಮಾರುಗಳಿವೆ. ಹೊರಗಿನಿಂದ ಎಲ್ಲ ಎಸ್‌ಡಿ ಕಾರ್ಡೂ ಒಂದೇ ಅಳತೆ, ಒಂದೇ ಮೂಲೆ ಕತ್ತರಿಸಿದ ಆಕಾರ. 2 ಜಿಬಿವರೆಗಿನವು ಬರೀ ಎಸ್‌ಡಿ. 2006ರಲ್ಲಿ ಬಂದ ಎಸ್‌ಡಿಎಚ್‌ಸಿ 32 ಜಿಬಿವರೆಗೆ. 2009ರ ಎಸ್‌ಡಿಎಕ್ಸ್‌ಸಿ ಅಲ್ಲಿಂದ ಮುಂದಕ್ಕೆ. ಹೊಸ ರೀಡರ್ ಹಳೆಯ ಕಾರ್ಡನ್ನು ಓದುತ್ತದೆ, ಹಳೆಯ ರೀಡರಿಗೆ ಹೊಸ ಕಾರ್ಡು ತಿಳಿಯದು. ಇಲ್ಲಿಯೇ ಒಂದು ಅಪಾಯದ ತಿರುವು ಇದೆ. ಕಾರ್ಡ್ ಅರ್ಥವಾಗದ ಕಂಪ್ಯೂಟರ್ ‘ನನಗೆ ಅರ್ಥವಾಗಲಿಲ್ಲ’ ಎಂದು ಒಪ್ಪಿಕೊಳ್ಳುವುದಿಲ್ಲ. ‘ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ?’ ಎಂದು ಬಹಳ ವಿನಯದಿಂದ ಕೇಳುತ್ತದೆ. ಮದುವೆಯ ಎಲ್ಲ ಫೋಟೊ ಅದೇ ಕಾರ್ಡಿನಲ್ಲಿರುತ್ತವೆ. ಗಾಬರಿಯಾಗದೆ ಕ್ಯಾನ್ಸಲ್ ಒತ್ತಿ, ಕಾರ್ಡ್ ತೆಗೆದು ಕ್ಯಾಮೆರಾಗೆ ಹಾಕಿ ನೋಡಿ. ಅಲ್ಲಿ ಫೋಟೊ ಕಂಡರೆ ಕಾರ್ಡ್ ಸರಿಯಿದೆ, ರೀಡರ್ ಬದಲಿಸಿದರೆ ಸಾಕು.

ಈಗ ಕಾರ್ಡ್ ತೆರೆಯೋಣ. ಮೊದಲ ಸಾಲಿನಲ್ಲೇ ಡಿಸಿಐಎಂ ಎಂಬ ಫೋಲ್ಡರ್ ಸಿಗುತ್ತದೆ. ಕ್ಯಾನನ್ ಇರಲಿ, ನಿಕಾನ್ ಇರಲಿ, ನಿಮ್ಮ ಮೊಬೈಲೇ ಇರಲಿ, ಎಲ್ಲದರಲ್ಲೂ ಇದೇ ಹೆಸರು. 1998ರಲ್ಲಿ ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮ ಒಟ್ಟಾಗಿ ಮಾಡಿಕೊಂಡ ಒಪ್ಪಂದದ ಫಲ. ಅದರೊಳಗಿನ ಫೋಲ್ಡರುಗಳ ಹೆಸರಿಗೂ ನಿಯಮವಿದೆ: 100ರಿಂದ 999ರವರೆಗಿನ ಒಂದು ಸಂಖ್ಯೆ, ಅದಕ್ಕಂಟಿಕೊಂಡು ಐದು ಅಕ್ಷರ. 100ಕ್ಯಾನನ್, 100ಒಲಿಂಪ್ ಎಂಬಂಥವೆಲ್ಲ ಹಾಗೆ ಬಂದವು. ಫೋಟೊದ ಹೆಸರಿಗೆ ನಾಲ್ಕು ಅಕ್ಷರ, ನಾಲ್ಕು ಅಂಕಿ: ಐಎಂಜಿ_0001, ಡಿಎಸ್‌ಸಿ_0001. ನಾಲ್ಕೇ ಅಂಕಿ ಅಂದಮೇಲೆ 9999 ಆದ ಮೇಲೇನು? ಮತ್ತೆ 0001. ಸುಮ್ಮನೆ ಓದಿಕೊಂಡು ಹೋದರೆ ಇದೇನು ಮಹಾ ಅನ್ನಿಸಬಹುದು. ಆದರೆ ಕಳೆದ ವರ್ಷದ ಐಎಂಜಿ_0457 ನಿಮ್ಮ ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿದೆ, ಅದರಲ್ಲಿ ಮಗುವಿನ ಅನ್ನಪ್ರಾಶನವಿದೆ. ಇವತ್ತಿನ ಐಎಂಜಿ_0457ರಲ್ಲಿ ಜೋಗದ ರಾಜಾ ಕವಲು ಇದೆ. ಎರಡನ್ನೂ ಒಂದೇ ಫೋಲ್ಡರಿಗೆ ಸುರಿಯಲು ಹೋದಾಗ ಕಂಪ್ಯೂಟರ್ ‘ಹಳೆಯದರ ಜಾಗಕ್ಕೆ ಹೊಸದನ್ನು ಹಾಕಲೇ’ ಎಂದು ಕೇಳುತ್ತದೆ. ಅವಸರದಲ್ಲಿ ಹೂಂ ಅಂದಿರೋ, ಅನ್ನಪ್ರಾಶನ ಹೋಯಿತು. ಕಸದಬುಟ್ಟಿಯಲ್ಲೂ ಸಿಗುವುದಿಲ್ಲ.

ಇಷ್ಟು ತಿಳಿದವರೂ ಮುಗ್ಗರಿಸುವ ಇನ್ನೊಂದು ಜಾಗವಿದೆ. ‘ಡಿಸಿಐಎಂ ಪೂರ್ತಿ ಕಾಪಿ ಮಾಡಿದೆ, ಇನ್ನೇನೂ ಇಲ್ಲ’ ಎಂದುಕೊಳ್ಳಬೇಡಿ. ಅದರ ಪಕ್ಕದಲ್ಲಿ ಪ್ರೈವೇಟ್ ಎಂಬ ಹೆಸರಿನ ಫೋಲ್ಡರ್ ಇದ್ದರೆ ಒಳಗೆ ಹೋಗಿ ನೋಡಿ. ಸೋನಿ, ಪ್ಯಾನಾಸೋನಿಕ್ ಕಂಪನಿಗಳ ಹಲವು ಕ್ಯಾಮೆರಾಗಳು ಎವಿಸಿಎಚ್‌ಡಿ ಎಂಬ ಬಗೆಯ ವಿಡಿಯೊಗಳನ್ನು ಇಡುವುದು ಅಲ್ಲಿ: ಪ್ರೈವೇಟ್, ಅದರೊಳಗೆ ಎವಿಸಿಎಚ್‌ಡಿ, ಅದರೊಳಗೆ ಬಿಡಿಎಂವಿ, ಕೊನೆಗೆ ಸ್ಟ್ರೀಮ್. ನಾಲ್ಕು ಬಾಗಿಲು ದಾಟಿದ ಮೇಲೆ ಎಂಟಿಎಸ್ ಎಂದು ಕೊನೆಗೊಳ್ಳುವ ಕಡತಗಳು ಸಾಲಾಗಿ ಕೂತಿರುತ್ತವೆ. ಮಗು ಮೊದಲ ಬಾರಿ ಹೆಜ್ಜೆಯಿಟ್ಟ ವಿಡಿಯೊ ಅಲ್ಲಿರುತ್ತದೆ, ಫೋಟೊ ಮಾತ್ರ ಇಳಿಸಿಕೊಂಡು ಕಾರ್ಡ್ ಒರೆಸಿದವರ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಇದಕ್ಕೆ ನನ್ನದು ಒರಟು ಪರಿಹಾರ: ಆರಿಸುವ ಗೋಜೇ ಬೇಡ, ಕಾರ್ಡಿನ ಮೂಲದಲ್ಲಿ ಇರುವುದೆಲ್ಲವನ್ನೂ ಒಟ್ಟಿಗೆ ಹಿಡಿದು ಕಾಪಿ ಮಾಡಿ. ಜರಡಿ ಹಿಡಿಯುವುದು ಆಮೇಲೆ.

ಕಾಪಿ ಅಂದೆ, ಕಟ್ ಅನ್ನಲಿಲ್ಲ. ಕಟ್ ಮಾಡಿ ಅಂಟಿಸಿದಾಗ ಕಂಪ್ಯೂಟರ್ ಅಲ್ಲಿ ಬರೆಯುತ್ತ ಇಲ್ಲಿ ಅಳಿಸುತ್ತ ಹೋಗುತ್ತದೆ. ನಡುವೆ ಕರೆಂಟ್ ಹೋದರೆ ಕಾರ್ಡಿನಲ್ಲಿ ಒಂದಷ್ಟು, ಡಿಸ್ಕಿನಲ್ಲಿ ಒಂದಷ್ಟು. ವಿಂಡೋಸಿನ ಫೋಟೊಸ್ ಆ್ಯಪ್ ಮೂಲಕ ಇಳಿಸಿಕೊಳ್ಳುವವರಿಗೂ, ಮ್ಯಾಕ್‌ನವರಿಗೂ ಇದೇ ಮಾತು: ‘ಇಳಿಸಿಕೊಂಡ ಮೇಲೆ ಕಾರ್ಡಿನಿಂದ ಅಳಿಸು’ ಎಂಬ ಚೌಕವೊಂದು ಪರದೆಯಲ್ಲಿ ಬರುತ್ತದೆ. ಅದಕ್ಕೆ ಟಿಕ್ ಹಾಕಲೇಬೇಡಿ. ಆ ಸೌಲಭ್ಯ ಯಾಕಿಟ್ಟರೋ ನನಗೆ ಇವತ್ತಿಗೂ ತಿಳಿಯದು. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಲು ಹತ್ತು ಸೆಕೆಂಡೂ ಬೇಡ.

ಕಾಪಿ ಮುಗಿದ ಮೇಲೆ ಎರಡು ಕೆಲಸ. ಕಾರ್ಡಿನಲ್ಲಿರುವುದನ್ನೆಲ್ಲ ಆಯ್ದು ಬಲಗುಂಡಿ ಒತ್ತಿ ಪ್ರಾಪರ್ಟೀಸ್ ನೋಡಿ. ಕಂಪ್ಯೂಟರಿನ ಫೋಲ್ಡರಿನಲ್ಲೂ ಹಾಗೇ ನೋಡಿ. ಕಡತಗಳ ಸಂಖ್ಯೆ ಒಂದೇ ಇರಬೇಕು, ಸೈಜ್ ಎಂಬಲ್ಲಿ ಬೈಟುಗಳ ಲೆಕ್ಕ ಕೊನೆಯ ಅಂಕಿಯವರೆಗೂ ತಾಳೆಯಾಗಬೇಕು. ಅದರ ಕೆಳಗೆ ‘ಸೈಜ್ ಆನ್ ಡಿಸ್ಕ್’ ಎಂದು ಇನ್ನೊಂದು ಸಂಖ್ಯೆ ಇರುತ್ತದೆ. ಅದು ಬೇರೆಯಾಗಿದ್ದರೆ ಚಿಂತೆಯಿಲ್ಲ, ಡಿಸ್ಕು ಮತ್ತು ಕಾರ್ಡು ಜಾಗವನ್ನು ತುಂಡು ಮಾಡಿಕೊಂಡಿರುವ ಅಳತೆ ಬೇರೆಬೇರೆ, ಅಷ್ಟೇ.

ಎರಡನೆಯದು, ಒಂದಷ್ಟು ಫೋಟೊಗಳನ್ನು ತೆರೆದು ಪೂರ್ತಿ ಹಿಗ್ಗಿಸಿ ನೋಡುವುದು. ಫೋಲ್ಡರಿನಲ್ಲಿ ಪುಟ್ಟ ಪುಟ್ಟ ಚಿತ್ರಗಳು ಸಾಲಾಗಿ ಕಂಡ ಮಾತ್ರಕ್ಕೆ ಎಲ್ಲ ಸರಿಯಿದೆ ಎನ್ನಲಾಗದು. ಕ್ಯಾಮೆರಾ ಪ್ರತಿ ಜೆಪೆಗ್ ಕಡತದ ತಲೆಭಾಗದಲ್ಲಿ ಅಂಚೆಚೀಟಿಯಷ್ಟು ದೊಡ್ಡದೊಂದು ನಕಲನ್ನು ಬೇರೆಯಾಗಿಯೇ ಬರೆದಿಟ್ಟಿರುತ್ತದೆ, ಬಹುತೇಕ 160 ಅಡ್ಡ, 120 ಉದ್ದದ ಚಿತ್ರ. ಫೋಲ್ಡರ್ ನಿಮಗೆ ಅದನ್ನೇ ತೋರಿಸುತ್ತಿರಬಹುದು. ಕಡತದ ನಡುಭಾಗ ಕೆಟ್ಟಿದ್ದರೂ ಪುಟ್ಟ ಚಿತ್ರದಲ್ಲಿ ವಧೂವರರು ನಗುತ್ತಲೇ ಇರುತ್ತಾರೆ; ತೆರೆದರೆ ಮೂಗಿನಿಂದ ಕೆಳಗೆ ಬರೀ ಬೂದು ಬಣ್ಣ. ಜೆಪೆಗ್ ಕಡತವನ್ನು ಕಂಪ್ಯೂಟರ್ ಮೇಲಿನಿಂದ ಕೆಳಕ್ಕೆ ಬಿಡಿಸುತ್ತ ಬರುವುದರಿಂದ, ಒಂದು ಕಡೆ ಎಡವಿದರೆ ಅಲ್ಲಿಂದ ಮುಂದಿನದು ಹಾಳು. ಇಂಥದ್ದು ಕಂಡರೆ ಕಾರ್ಡ್ ಇನ್ನೂ ಕೈಯಲ್ಲಿದೆಯಲ್ಲ, ಆ ಕಡತವನ್ನು ಮತ್ತೆ ಇಳಿಸಿಕೊಳ್ಳಿ.

ಇಳಿಸಿದ್ದನ್ನು ಎಲ್ಲಿಡುವುದು? ಡೆಸ್ಕ್‌ಟಾಪಿನಲ್ಲಿ ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ 2’, ‘ಫೋಟೊಸ್ ಹೊಸದು’, ‘ಅಮ್ಮನ ಫೋಟೊಸ್ ಡಿಲೀಟ್ ಮಾಡಬೇಡಿ’ ಎಂದೆಲ್ಲ ಇಟ್ಟವರ ಕಂಪ್ಯೂಟರುಗಳನ್ನು ಕಂಡಿದ್ದೇನೆ. ಹೆಸರಿಡುವುದಕ್ಕೆ ಒಂದೇ ಕ್ರಮ ಸಾಕು: ಮೊದಲು ವರ್ಷ, ಆಮೇಲೆ ತಿಂಗಳು, ಆಮೇಲೆ ದಿನ, ಕೊನೆಯಲ್ಲಿ ಊರೋ ಸಂದರ್ಭವೋ. ‘2024-11-03 ಹಂಪಿ’. ನಾವು ಮಾತಿನಲ್ಲಿ ದಿನ ಮೊದಲು ಹೇಳುತ್ತೇವಲ್ಲ, ಅದೇ ರೂಢಿಯಲ್ಲಿ 03-11-2024 ಎಂದು ಬರೆದರೆ ಎಲ್ಲ ತಿಂಗಳ ಮೂರನೇ ತಾರೀಖುಗಳೂ ಒಂದೆಡೆ ಗುಂಪುಗೂಡುತ್ತವೆ. ಫೋಲ್ಡರಿನ ಹೆಸರು ಕನ್ನಡದಲ್ಲೇ ಇರಲಿ, ಯುನಿಕೋಡ್ ಬಂದ ಮೇಲೆ ಯಾವ ತೊಂದರೆಯೂ ಇಲ್ಲ. ಹಳೆಯ ನುಡಿ, ಬರಹಗಳ ಕಾಲದಲ್ಲಿ ಯುನಿಕೋಡ್ ಅಲ್ಲದ ಫಾಂಟಿನಲ್ಲಿ ಟೈಪ್ ಮಾಡಿ ಇಲ್ಲಿ ಅಂಟಿಸಲು ಹೋದವರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಂಡು ಕನ್ನಡದ ಮೇಲೇ ಬೇಸರ ಬಂದದ್ದುಂಟು. ಆ ಕಾಲ ಹೋಯಿತು. ಫೋಟೊಗಳ ಹೆಸರನ್ನೂ ಬದಲಿಸುವ ಉತ್ಸಾಹವಿದ್ದರೆ ಬದಲಿಸಿ, ಆದರೆ ಕ್ಯಾಮೆರಾ ಕೊಟ್ಟ ನಂಬರನ್ನು ಕೊನೆಯಲ್ಲಿ ಉಳಿಸಿಕೊಳ್ಳಿ. ಸ್ಟುಡಿಯೊದವರಿಗೆ ‘0457 ದೊಡ್ಡದು ಮಾಡಿ’ ಎನ್ನಲು ಬೇಕಾಗುತ್ತದೆ.

ತಾರೀಖಿನ ವಿಷಯ ಇಷ್ಟಕ್ಕೇ ಮುಗಿಯುವುದಿಲ್ಲ. ಫೋಟೊ ಯಾವಾಗ ತೆಗೆದದ್ದು ಎಂಬುದನ್ನು ಕ್ಯಾಮೆರಾ ಚಿತ್ರದೊಳಗೇ ಎಕ್ಸಿಫ್ ಎಂಬ ಟಿಪ್ಪಣಿಯಾಗಿ ಬರೆಯುತ್ತದೆ. ಕಂಪ್ಯೂಟರ್ ತೋರಿಸುವ ‘ಕ್ರಿಯೇಟೆಡ್’ ತಾರೀಖು ಕಾಪಿ ಮಾಡಿದ ದಿನದ್ದು, ಅದನ್ನು ನಂಬಬೇಡಿ. ‘ಡೇಟ್ ಟೇಕನ್’ ನೋಡಿ. ಆದರೆ ಕ್ಯಾಮೆರಾ ಬರೆಯುವುದು ತನ್ನ ಗಡಿಯಾರ ಹೇಳಿದ್ದನ್ನು. ಬ್ಯಾಟರಿ ತಿಂಗಳುಗಟ್ಟಲೆ ಖಾಲಿ ಬಿದ್ದಿದ್ದರೆ ಗಡಿಯಾರ ಯಾವುದೋ ಹಳೆಯ ವರ್ಷದ ಜನವರಿ 1ಕ್ಕೆ ಹೋಗಿ ಕೂತಿರುತ್ತದೆ. ಇನ್ನು ಮದುವೆಮನೆಯ ಫಜೀತಿಯೇ ಬೇರೆ. ಕ್ಯಾಲಿಫೋರ್ನಿಯಾದಿಂದ ಮೇ ತಿಂಗಳಲ್ಲಿ ತಂಗಿಯ ಮದುವೆಗೆ ಬಂದ ಅಣ್ಣ ತನ್ನ ಕ್ಯಾಮೆರಾದ ಗಡಿಯಾರ ಬದಲಿಸಿರುವುದಿಲ್ಲ. ಬೆಂಗಳೂರಿನಲ್ಲಿ ಬೆಳಿಗ್ಗೆ ಒಂಬತ್ತೂವರೆಗೆ ಮಾಂಗಲ್ಯಧಾರಣೆ ಆಗುವಾಗ ಅವನ ಕ್ಯಾಮೆರಾಗೆ ಹಿಂದಿನ ರಾತ್ರಿ ಒಂಬತ್ತು ಗಂಟೆ. ನಮ್ಮಲ್ಲಿ ಆರತಕ್ಷತೆ ಹಿಂದಿನ ಸಂಜೆಯೇ ನಡೆಯುವುದು ವಾಡಿಕೆಯಾಗಿದೆಯಲ್ಲ. ಇಬ್ಬರ ಫೋಟೊಗಳನ್ನೂ ಒಂದೇ ಫೋಲ್ಡರಿಗೆ ಹಾಕಿ ಸಮಯದ ಪ್ರಕಾರ ಜೋಡಿಸಿದಾಗ, ಸೂಟು ಹಾಕಿ ನೆಂಟರ ಜೊತೆ ನಿಂತ ಮದುಮಗ ಮುಂದಿನ ಚಿತ್ರದಲ್ಲಿ ಪಂಚೆಯುಟ್ಟು ತಾಳಿ ಕಟ್ಟುತ್ತಿರುತ್ತಾನೆ, ಅದರ ಮುಂದಿನದರಲ್ಲಿ ಮತ್ತೆ ಸೂಟು. ವರಪೂಜೆ ಎಲ್ಲಿ ಹೋಯಿತು ಎಂದು ಹುಡುಕಬೇಕು.

ಇದನ್ನು ಸರಿಮಾಡಲು ಡಿಜಿಕ್ಯಾಮ್, ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶಗಳಿವೆ. ಆಯ್ದ ಫೋಟೊಗಳ ಸಮಯವನ್ನೆಲ್ಲ ಹನ್ನೆರಡೂವರೆ ಗಂಟೆ ಮುಂದಕ್ಕೆ ತಳ್ಳು ಎಂದರೆ ತಳ್ಳುತ್ತವೆ. ಎರಡು ಕ್ಯಾಮೆರಾಗಳ ಫೋಟೊ ಬೆರೆಸುವ ಮೊದಲೇ ಈ ಕೆಲಸ ಆಗಬೇಕು, ಬೆರೆಸಿದ ಮೇಲೆ ಯಾವುದು ಯಾರದ್ದೆಂದು ಬೇರ್ಪಡಿಸುವುದು ಕಷ್ಟ. ಇನ್ನೂ ಜಾಣತನವೆಂದರೆ ಮದುವೆಯ ದಿನವೇ ಎಲ್ಲ ಕ್ಯಾಮೆರಾದವರೂ ಒಂದೇ ಮೊಬೈಲಿನ ಗಡಿಯಾರವನ್ನು ಒಂದೊಂದು ಫೋಟೊ ತೆಗೆದುಕೊಳ್ಳುವುದು. ಯಾರ ಗಡಿಯಾರ ಎಷ್ಟು ಹಿಂದೆ ಮುಂದೆ ಇದೆ ಎಂದು ಆ ಚಿತ್ರವೇ ಹೇಳುತ್ತದೆ.

ಪ್ರಿಂಟ್ ಹಾಕಿಸಲು ಕಾರ್ಡನ್ನೇ ಅಂಗಡಿಗೆ ಒಯ್ಯುವ ರೂಢಿ ಇನ್ನೂ ಇದೆ. ಒಯ್ಯುವ ಮುನ್ನ ಕಾರ್ಡಿನ ಎಡ ಅಂಚಿನಲ್ಲಿರುವ ಉಗುರಿನಷ್ಟು ಚಿಕ್ಕ ಬಿಳಿ ಗುಂಡಿಯನ್ನು ಲಾಕ್ ಕಡೆಗೆ ಸರಿಸಿ. ಅದು ಕಾರ್ಡಿನೊಳಗೆ ಯಾವುದಕ್ಕೂ ಜೋಡಿಸಿಲ್ಲ. ಗುಂಡಿ ಎಲ್ಲಿದೆ ಎಂದು ನೋಡಿ ‘ಬರೆಯಬಾರದು’ ಎಂದು ಅರ್ಥಮಾಡಿಕೊಳ್ಳುವುದು ರೀಡರಿನ ಮರ್ಯಾದೆಗೆ ಬಿಟ್ಟದ್ದು. ಹೆಚ್ಚಿನ ರೀಡರುಗಳು ಮರ್ಯಾದಸ್ಥರು. ಲಾಕ್ ಹಾಕದೆ ಹತ್ತಾರು ಜನರ ಪೆನ್‌ಡ್ರೈವ್ ಕಂಡ ಕಂಪ್ಯೂಟರಿಗೆ ಕಾರ್ಡ್ ಹಾಕಿದರೆ ನಮ್ಮೂರುಗಳ ಹಳೆಯ ಗೆಳೆಯ ಶಾರ್ಟ್‌ಕಟ್ ವೈರಸ್ ಅಂಟಿಕೊಂಡು ಬರಬಹುದು. ಮನೆಗೆ ಬಂದು ನೋಡಿದರೆ ಫೋಲ್ಡರುಗಳ ಜಾಗದಲ್ಲಿ ಬಾಣದ ಗುರುತಿನ ಚಿಹ್ನೆಗಳು. ಅವನ್ನು ಒತ್ತಬೇಡಿ. ಫೋಟೊಗಳು ಎಲ್ಲೂ ಹೋಗಿಲ್ಲ, ಆ ವೈರಸ್ ನಿಜವಾದ ಫೋಲ್ಡರುಗಳನ್ನು ಮರೆಮಾಚಿ ತನ್ನದನ್ನು ಮುಂದೆ ನಿಲ್ಲಿಸಿರುತ್ತದೆ. ಆಂಟಿವೈರಸ್ ಓಡಿಸಿ, ಮರೆಯಾದ ಕಡತಗಳನ್ನು ತೋರಿಸುವಂತೆ ಸೆಟಿಂಗ್ ಬದಲಿಸಿ ಕಾಪಿ ಮಾಡಿಕೊಂಡರಾಯಿತು. ಅದಕ್ಕಿಂತ ಸುಲಭ ದಾರಿ, ಬೇಕಾದ ಇಪ್ಪತ್ತು ಫೋಟೊ ಮಾತ್ರ ಪೆನ್‌ಡ್ರೈವಿಗೆ ಹಾಕಿ ಒಯ್ಯುವುದು.

ವಾಟ್ಸ್ಆ್ಯಪ್ಪಿನಲ್ಲಿ ಕಳಿಸಿಬಿಡಿ ಎನ್ನುವ ಸ್ಟುಡಿಯೊಗಳೂ ಇವೆ. ಮಾಮೂಲಿಯಾಗಿ ಕಳಿಸಿದರೆ ಅದು ಫೋಟೊವನ್ನು ಕುಗ್ಗಿಸಿ, ಒಳಗಿದ್ದ ತಾರೀಖಿನ ಟಿಪ್ಪಣಿಯನ್ನೂ ಕಿತ್ತುಹಾಕಿ ಕಳಿಸುತ್ತದೆ. ಅಂಗೈಯಗಲದ 4×6 ಪ್ರಿಂಟಿಗೆ ಸುಮಾರು 2 ಮೆಗಾಪಿಕ್ಸೆಲ್ ಸಾಕು, ಹಾಗಾಗಿ ವ್ಯತ್ಯಾಸ ಗೊತ್ತಾಗದು. ಗೋಡೆಗೆ ಹಾಕುವ 12×18ಕ್ಕೆ ಅದೇ ನುಣುಪಿನಲ್ಲಿ 19 ಮೆಗಾಪಿಕ್ಸೆಲ್ ಬೇಕು, ಅಲ್ಲಿ ಬಣ್ಣ ಬಯಲಾಗುತ್ತದೆ. ಕಳಿಸಲೇಬೇಕಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ವೈಫೈ ಮೂಲಕ ಕ್ಯಾಮೆರಾದಿಂದ ಮೊಬೈಲಿಗೆ ಇಳಿಸುವ ಆ್ಯಪ್‌ಗಳಲ್ಲೂ ಇದೇ ಎಚ್ಚರ ಬೇಕು. ನಿಕಾನಿನ ಸ್ನ್ಯಾಪ್‌ಬ್ರಿಜ್ ತಾನಾಗಿ ಕಳಿಸುವಾಗ 2 ಮೆಗಾಪಿಕ್ಸೆಲ್ಲಿನ ಪ್ರತಿಯನ್ನು ಕಳಿಸುತ್ತದೆ. ಸ್ಟೇಟಸ್ಸಿಗೆ ಚೆಂದ. ಅದನ್ನೇ ಮೂಲವೆಂದು ನಂಬಿ ಕಾರ್ಡ್ ಒರೆಸಿದರೆ ಕೆಟ್ಟಿರಿ.

ಒರೆಸಿಬಿಟ್ಟವರ ಗತಿ? ಪೂರ್ತಿ ಕೆಟ್ಟಿಲ್ಲ. ಕ್ಯಾಮೆರಾ ಫೋಟೊ ಡಿಲೀಟ್ ಮಾಡಿದಾಗ ಚಿತ್ರವನ್ನು ಮುಟ್ಟುವುದಿಲ್ಲ, ಕಾರ್ಡಿನ ಪಟ್ಟಿಯಲ್ಲಿ ಆ ಹೆಸರಿನ ಮುಂದೆ ಅಳಿಸಿದೆ ಎಂಬ ಗುರುತು ಹಾಕುತ್ತದೆ, ಅಷ್ಟೆ. ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಹೊಲ ಎಲ್ಲಿಗೂ ಹೋಗುವುದಿಲ್ಲ, ಇನ್ನೊಬ್ಬರು ಬಂದು ಉಳುವವರೆಗೆ ಪೈರು ನಿಂತೇ ಇರುತ್ತದೆ. ಆದ್ದರಿಂದ ತಪ್ಪು ಗೊತ್ತಾದ ಆ ಕ್ಷಣವೇ ಕಾರ್ಡ್ ಹೊರಗೆ ತೆಗೆಯಿರಿ. ‘ಪರೀಕ್ಷೆಗೆ ಒಂದು ಫೋಟೊ ತೆಗೆದು ನೋಡೋಣ’ ಬೇಡವೇ ಬೇಡ, ಆ ಒಂದು ಫೋಟೊ ಹಳೆಯದೊಂದರ ಮೇಲೇ ಕೂರಬಹುದು. ಕ್ರಿಸ್ಟೋಫ್ ಗ್ರೆನಿಯರ್ ಎಂಬ ಫ್ರೆಂಚ್ ಪ್ರೋಗ್ರಾಮರ್ ಬರೆದು ಉಚಿತವಾಗಿ ಹಂಚಿರುವ ಫೋಟೊರೆಕ್ ಎಂಬ ತಂತ್ರಾಂಶವಿದೆ. ನೋಡಲು ಕಪ್ಪು ಪರದೆ, ಬಿಳಿ ಅಕ್ಷರ, ಚೂರೂ ಅಂದವಿಲ್ಲ. ಅದು ಪಟ್ಟಿಯ ಗೊಡವೆಗೇ ಹೋಗದೆ ಕಾರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತ, ಜೆಪೆಗ್ ಶುರುವಾಗುವ ಗುರುತು ಎಲ್ಲೆಲ್ಲಿದೆಯೋ ಅಲ್ಲಲ್ಲಿಂದ ಚಿತ್ರಗಳನ್ನು ಎತ್ತಿಕೊಡುತ್ತದೆ. ಹೆಸರು, ಫೋಲ್ಡರ್ ಯಾವುದೂ ಉಳಿದಿರುವುದಿಲ್ಲ. ಸಿಕ್ಕಿದ್ದನ್ನು ಅದೇ ಕಾರ್ಡಿಗೆ ಬರೆಯಿಸಬೇಡಿ, ಕಂಪ್ಯೂಟರಿಗೆ ಬರೆಯಿಸಿ. ಕ್ಯಾಮೆರಾದ ಮೆನುವಿನಲ್ಲಿ ‘ಲೋ ಲೆವೆಲ್ ಫಾರ್ಮ್ಯಾಟ್’ ಎಂಬುದನ್ನು ಆರಿಸಿ ಒರೆಸಿದ್ದರೆ ಮಾತ್ರ ಹೆಚ್ಚು ಆಸೆ ಇಟ್ಟುಕೊಳ್ಳುವಂತಿಲ್ಲ.

ಹಾಗಾದರೆ ಕಾರ್ಡ್ ಯಾವಾಗ ಒರೆಸಬಹುದು? ಕಂಪ್ಯೂಟರಿನ ಹೊರತಾಗಿ ಇನ್ನೊಂದು ಕಡೆ ಪ್ರತಿ ಆದ ಮೇಲೆ. ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ ಲೆಕ್ಕವೊಂದಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕನ್ನು ಲ್ಯಾಪ್‌ಟಾಪಿನ ಬ್ಯಾಗಿನಲ್ಲೇ ಇಟ್ಟುಕೊಂಡು ಓಡಾಡುವವರು ಕಳ್ಳನಿಗೆ ಎರಡೂ ಪ್ರತಿ ಒಟ್ಟಿಗೆ ಕೊಡಲು ಸಿದ್ಧರಾದವರು. ಇನ್ನೊಂದು ಊರಿನಲ್ಲಿರುವ ಅಕ್ಕನ ಮನೆಯ ಬೀರುವಿನಲ್ಲಿ ಒಂದು ಡಿಸ್ಕ್ ಇಟ್ಟು ಹಬ್ಬಕ್ಕೆ ಹೋದಾಗ ಹೊಸದನ್ನು ಸೇರಿಸಿ ಬರುವ ಪದ್ಧತಿ ನನಗೆ ಬಹಳ ಇಷ್ಟ. ಖರ್ಚೂ ಇಲ್ಲ, ಪಾಸ್‌ವರ್ಡೂ ಇಲ್ಲ. ಗೂಗಲ್ ಫೋಟೊಸ್ ನೆಚ್ಚಿಕೊಂಡವರು 2021ರ ಜೂನ್ 1ರಿಂದ ಎಲ್ಲವೂ 15 ಜಿಬಿಯ ಲೆಕ್ಕಕ್ಕೆ ಬರುತ್ತದೆಂದೂ, ‘ಸ್ಟೋರೇಜ್ ಸೇವರ್’ ಆರಿಸಿದ್ದರೆ ಅಲ್ಲಿರುವುದು ಕುಗ್ಗಿಸಿದ ಪ್ರತಿ ಎಂದೂ ತಿಳಿದಿರಬೇಕು. ಇನ್ನು ಒರೆಸುವುದನ್ನು ಕಂಪ್ಯೂಟರಿನಲ್ಲಿ ಮಾಡದೆ ಕ್ಯಾಮೆರಾದ ಮೆನುವಿನಿಂದಲೇ ಮಾಡಿ. ತನಗೆ ಬೇಕಾದ ಹಾಗೆ ಫೋಲ್ಡರುಗಳನ್ನು ಕಟ್ಟಿಕೊಳ್ಳುವುದು ಅದಕ್ಕೇ ಚೆನ್ನಾಗಿ ಗೊತ್ತು.

ಈಚೆಗೆ ಕಾಲೇಜು ಹುಡುಗ ಹುಡುಗಿಯರಿಗೆ ಅಪ್ಪ ಅಮ್ಮ ಬಳಸುತ್ತಿದ್ದ ಕಿಸೆಗಾತ್ರದ ಹಳೆಯ ಕ್ಯಾಮೆರಾಗಳ ಮೇಲೆ ಪ್ರೀತಿ ಹುಟ್ಟಿದೆ. 2010ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಗಳಿಂದ ಹೊರಟಿದ್ದವು. ಮೊಬೈಲ್ ಬಂದು ಅವನ್ನೆಲ್ಲ ಅಟ್ಟಕ್ಕೇರಿಸಿತು. ಈಗ ಅವು ಕೆಳಗಿಳಿಯುತ್ತಿವೆ. ಇಳಿಸಿದ ಕೂಡಲೇ ಸೆಲ್ಫಿ ತೆಗೆಯಬೇಡಿ, ಮೊದಲು ಕಾರ್ಡ್ ತೆಗೆದು ಅದರಲ್ಲಿರುವುದನ್ನು ಇಳಿಸಿಕೊಳ್ಳಿ. ಒಲಿಂಪಸ್, ಫ್ಯೂಜಿ ಕ್ಯಾಮೆರಾ ಆಗಿದ್ದರೆ ಎಕ್ಸ್‌ಡಿ ಎಂಬ ತೆಳ್ಳನೆಯ ಕಾರ್ಡ್ ಇರಬಹುದು, ಸೋನಿಯದ್ದಾದರೆ ಮೆಮೊರಿ ಸ್ಟಿಕ್. ಈಗಿನ ಸಾಮಾನ್ಯ ರೀಡರಿಗೆ ಇವು ಹಿಡಿಸುವುದಿಲ್ಲ, ಹಲವು ಬಾಯಿಗಳಿರುವ ಹಳೆಯ ಕಾಲದ ರೀಡರನ್ನೇ ಹುಡುಕಬೇಕು.

ಕೇಬಲ್ ಬೇಡ ಎಂದು ಇಷ್ಟು ಹೊತ್ತು ಹೇಳಿದೆನಲ್ಲ, ಅದಕ್ಕೆ ಅಪವಾದ ಇರುವುದೂ ಇಲ್ಲಿಯೇ. ಆ ಕಾಲದ ಬಹಳಷ್ಟು ಕ್ಯಾಮೆರಾಗಳ ಒಳಗೇ ಕೆಲವು ಹತ್ತು ಎಂಬಿಗಳ ಪುಟ್ಟ ಮೆಮೊರಿ ಇರುತ್ತಿತ್ತು. ಕಾರ್ಡ್ ಹಾಕಲು ಮರೆತ ದಿನ, ಅಂಗಡಿಯಿಂದ ತಂದ ಮೊದಲ ದಿನ ತೆಗೆದ ಫೋಟೊಗಳು ಅದರಲ್ಲಿ ಸೇರಿಕೊಂಡಿರುತ್ತವೆ. ಕಾರ್ಡ್ ಹಾಕಿದ್ದರೆ ಕ್ಯಾಮೆರಾ ಆ ಮೆಮೊರಿಯನ್ನು ತೋರಿಸುವುದಿಲ್ಲ, ಹಾಗಾಗಿ ಅವು ಅಲ್ಲಿವೆ ಎಂದು ಮನೆಯವರಿಗೂ ಗೊತ್ತಿರುವುದಿಲ್ಲ. ಬ್ಯಾಟರಿ ಚಾರ್ಜ್ ಮಾಡಿ, ಕಾರ್ಡ್ ಹೊರಗಿಟ್ಟು, ಪ್ಲೇ ಗುಂಡಿ ಒತ್ತಿ ನೋಡಿ. ಏನಾದರೂ ಕಂಡರೆ ಆ ಕ್ಯಾಮೆರಾದ ಜೊತೆ ಬಂದಿದ್ದ ಕೇಬಲ್ ಬೇಕು. ನಿಕಾನಿನಂಥ ಕಂಪನಿಗಳ ಎಷ್ಟೋ ಮಾದರಿಗಳಲ್ಲಿ ಅದು ಎಂಟು ಪಿನ್ನಿನ ಚಪ್ಪಟೆ ಮೂತಿಯದ್ದು, ಮೊಬೈಲ್ ಕೇಬಲ್ ಅದಕ್ಕೆ ಹೊಂದುವುದಿಲ್ಲ. ಅಟ್ಟದ ಮೇಲಿನ ಡಬ್ಬಿಯನ್ನು ಇನ್ನೊಮ್ಮೆ ತಡಕಿ. ಸಿಗದಿದ್ದರೆ ಕ್ಯಾಮೆರಾದ ಮೆನುವಿನಲ್ಲಿ ಒಳಗಿನ ಮೆಮೊರಿಯಿಂದ ಕಾರ್ಡಿಗೆ ಕಾಪಿ ಮಾಡುವ ಆಯ್ಕೆ ಇದೆಯೇ ಎಂದು ಹುಡುಕಿ, ಹಲವು ಮಾದರಿಗಳಲ್ಲಿ ಇರುತ್ತದೆ.